ಎರಡು ಬಣ್ಣದ ಮುಖಕ್ಕೆ ಒಂದು ಬೆಳಕು

ಚಿಕ್ಕಬಾಣಾವರ
8 ಜನವರಿ 2025, ಬುಧವಾರ

ಅಮ್ಮ,

ಭಾನುವಾರ ಬೆಳಗ್ಗೆ ವರ್ತೂರಿನ ನಮ್ಮ ಮನೆಯ ಅಂಗಳದಲ್ಲಿ ಮನೆಮಂದಿಯ ಫೋಟೋ ತೆಗೆದೆ. ಮನುವಿಗೆ ನೋಡಿರುವ ಸರ್ಜಾಪುರದ ಹುಡುಗಿಯ ಕಡೆಯವರು ಹುಡುಗನದೊಂದೇ ಸಾಲದು, ಮನೆಯವರೆಲ್ಲ ಇರುವ ಫೋಟೋ ಬೇಕು ಎಂದು ಕೇಳಿದ್ದರು. ಅಪ್ಪ, ಮನು, ಚಿಕ್ಕಪ್ಪ, ಗೌರಮ್ಮ ಚಿಕ್ಕಮ್ಮ, ಅವರ ಹೆಣ್ಣುಮಕ್ಕಳು ಎಲ್ಲರೂ ಬಂದು ಸಾಲಾಗಿ ಕುಳಿತರು. ನೀನು ಬರಲಿಲ್ಲ. ಒಲೆಯ ಮೇಲೆ ಹಾಲಿದೆ ಅಂದೆ. ನಾನು ಒಳಗೆ ಬಂದು ನೋಡಿದಾಗ ಒಲೆ ಹಚ್ಚಿರಲಿಲ್ಲ.

"ಅಕ್ಕ ಒಳಗೇ ಇರ್ಲಿ ಬಿಡೇ ವನಜಾ. ಮದ್ವೆ ಒಂದು ಮುಗೀಲಿ, ಆಮೇಲೆ ಅಕ್ಕನ್ನೇ ನಡುವೆ ಕೂರಿಸ್ಕೊಂಡು ಇನ್ನೊಂದು ತೆಗ್ಸಾನ," ಅಂದರು ಚಿಕ್ಕಮ್ಮ. ಮನು ಫೋನ್ ನೋಡುತ್ತಿದ್ದ. ಅಪ್ಪ ಮಾತ್ರ ಎದ್ದು ಹೋಗಿ ಜಗಲಿಯಿಂದ ಒಂದು ಕುರ್ಚಿ ತಂದು ತಮ್ಮ ಪಕ್ಕದಲ್ಲಿ ಹಾಕಿದರು. "ಇದು ಇಲ್ಲೇ ಇರ್ಲಿ" ಅಂದರು. ಯಾಕೆಂದು ಯಾರೂ ಕೇಳಲಿಲ್ಲ. ಫೋಟೋದಲ್ಲಿ ಆ ಖಾಲಿ ಕುರ್ಚಿಯೂ ಇದೆ. ಪ್ರಿಂಟು ಹಾಕಿ ಇದರೊಂದಿಗೆ ಕಳಿಸಿದ್ದೇನೆ.

ಹೊರಡುವಾಗ ನೀನು ಗೇಟಿನ ಹತ್ತಿರ, "ಈ ವಿಷ್ಯ ಫೋನಲ್ಲಿ ಎತ್ಬೇಡ, ನನ್ನ ಫೋನು ಮನೇಲಿ ಎಲ್ಲರ ಕೈಲೂ ಇರುತ್ತೆ" ಅಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಧನುರ್ಮಾಸ ಮುಗಿದು ಸಂಕ್ರಾಂತಿ ಕಳೆಯುವ ತನಕ ಫೋಟೋ ಸರ್ಜಾಪುರಕ್ಕೆ ಹೋಗುವುದಿಲ್ಲ. ಅಷ್ಟರೊಳಗೆ ಇನ್ನೊಂದು ತೆಗೆಯಬಹುದು. ನಿನ್ನ ಮುಖದಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಂದಿನಿಂದ ನಮ್ಮ ಮನೆಯ ಯಾವ ಫೋಟೋದಲ್ಲೂ ನೀನಿಲ್ಲ. ಊರಿನವರ ಫೋಟೋ ತೆಗೆಯುವುದನ್ನೇ ಕಸುಬು ಮಾಡಿಕೊಂಡಿರುವ ನನ್ನ ಹತ್ತಿರ ನನ್ನ ಅಮ್ಮನ ಫೋಟೋ ಇಲ್ಲ. ಸ್ಟುಡಿಯೋಗೆ ಬಾ. ಇಲ್ಲವೇ ನಾನೇ ಬರುತ್ತೇನೆ.

ವನಜಾ

*

ವರ್ತೂರು
13 ಜನವರಿ 2025

ವನಜಾ,

ನಿನ್ನ ಪತ್ರ ಬಂತು. ಅಂಚೆಯವನು ನನ್ನ ಹೆಸರು ಎರಡು ಸಲ ಓದಿ ಕೊಟ್ಟ. ಈ ಮನೆಗೆ ಬ್ಯಾಂಕಿನವರನ್ನು ಬಿಟ್ಟು ಯಾರೂ ಬರೆಯುವುದಿಲ್ಲ.

ಫೋಟೋ ಚೆನ್ನಾಗಿದೆ. ಅದನ್ನೇ ಕಳಿಸು. ಕುರ್ಚಿಯ ಬಗ್ಗೆ ಕೇಳಿದರೆ ಯಾರೋ ಹಿರಿಯರಿಗೆಂದು ಹಾಕಿದ್ದು, ಅವರು ಎದ್ದು ಹೋದರು ಎಂದರಾಯಿತು.

ಬಿಳಿ ಮಚ್ಚೆ ಎಂದು ಮೃದುವಾಗಿ ಬರೆದಿದ್ದೀಯ. ಅದರ ಹೆಸರು ತೊನ್ನು. ಈ ಮನೆಯಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ, ಅದಕ್ಕೇ ನಾನು ಬರೆದು ಇಡುತ್ತಿದ್ದೇನೆ. ಮುಟ್ಟಿದರೆ ಅಂಟುವುದಲ್ಲ ಎಂದು ಡಾಕ್ಟರು ಹೇಳಿದರು. ಅಂಗನವಾಡಿಯಲ್ಲಿ ಮಕ್ಕಳು ನನ್ನ ಕೈ ನೋಡಿ ಹೆದರಲಿಲ್ಲ, "ಟೀಚರ್, ಹಾಲು ಚೆಲ್ಕೊಂಡ್ರಾ?" ಎಂದು ಕೇಳಿ ಆಟಕ್ಕೆ ಹೋದರು. ತಾಯಂದಿರು ಹೆದರಿದರು. ನಾನು ಕೆಲಸ ಬಿಟ್ಟೆ.

ನಿನ್ನನ್ನು ನೋಡಲು ಹೊಸಕೋಟೆಯವರು ಬಂದದ್ದು ನಿನಗೆ ನೆನಪಿರಬೇಕು. ನಾನು ತಟ್ಟೆ ಹಿಡಿದು ಹೋದೆ. ಅವರು ಕಾಫಿ ಲೋಟ ಮುಟ್ಟಲಿಲ್ಲ. ಎಲ್ಲ ಲೋಟಗಳಲ್ಲೂ ಕೆನೆ ಕಟ್ಟಿತು. ಅವರು ಹೋದ ಮೇಲೆ ನಾನೇ ಅದನ್ನು ಚೆಲ್ಲಿದೆ. ಮನುವಿಗೂ ಹಾಗಾಗುವುದು ಬೇಡ. ಅವನಿಗೆ ಫೋಟೋ ನೋಡಿಯೇ ಆ ಹುಡುಗಿ ಶೈಲಜಾ ಇಷ್ಟವಾಗಿದ್ದಾಳೆ. ಬಾಯಿಬಿಟ್ಟು ಹೇಳಿಲ್ಲ. ಆದರೆ ನೀರಿನ ಟ್ಯಾಂಕರ್ ಡ್ರೈವರುಗಳ ಮೇಲೆ ಕೂಗಾಡುವುದನ್ನು ನಿಲ್ಲಿಸಿದ್ದಾನೆ.

ನಾನು ಫೋಟೋದಲ್ಲಿ ಇಲ್ಲದಿರುವುದು ಯಾರೋ ಹೇಳಿದ್ದಕ್ಕಲ್ಲ, ನನ್ನ ತೀರ್ಮಾನ. ಅದನ್ನು ಮರುಕದಿಂದ ನೋಡಬೇಡ.

ಇನ್ನೊಂದು ಮಾತು. ನೀನು ಕಸುಬಿನವಳು, ಕೇಳುತ್ತೇನೆ. ನನ್ನ ಮುಖ ಅರ್ಧ ಕಪ್ಪು, ಅರ್ಧ ಬಿಳಿ. ನೀನು ಯಾವುದಕ್ಕೆ ಬೆಳಕು ಹೊಂದಿಸುತ್ತೀಯ?

ಭದ್ರಮ್ಮ

*

ಚಿಕ್ಕಬಾಣಾವರ
2 ಫೆಬ್ರವರಿ 2025

ಅಮ್ಮ,

ಫೋಟೋ ಸರ್ಜಾಪುರಕ್ಕೆ ಕಳಿಸಿದೆ. ನೀನು ಹೇಳಿದ್ದಕ್ಕೆ ಕಳಿಸಿದೆ, ಒಪ್ಪಿ ಅಲ್ಲ. ಮೊನ್ನೆ ಹೆಣ್ಣು ನೋಡಲು ಎಲ್ಲರೂ ಹೋದರೆಂದೂ ನಿನಗೆ ಜ್ವರ ಬಂತೆಂದೂ ಚಿಕ್ಕಮ್ಮ ಫೋನ್ ಮಾಡಿದ್ದರು. ಜ್ವರ ಅವತ್ತು ಸಂಜೆಯೇ ಬಿಟ್ಟಿರಬೇಕು.

ಹೊಸಕೋಟೆಯವರು ನೆನಪಿದ್ದಾರೆ. ಕಾಫಿ ಕುಡಿಯದವರ ಮನೆಗೆ ಸೊಸೆಯಾಗಿ ಹೋಗದೆ ಉಳಿದೆನಲ್ಲ ಎಂದು ಇವತ್ತಿಗೂ ನನಗೆ ಸಮಾಧಾನವಿದೆ.

ನಿನ್ನ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲಾಗಲಿಲ್ಲ. ಯಾಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಬೆಳ್ಳಗಿರುವ ಮುಖಕ್ಕೆ ಬೆಳಕು ಸರಿ ಮಾಡಿದರೆ ಕಪ್ಪಗಿರುವವರು ಕಣ್ಣು ಹಲ್ಲು ಬಿಟ್ಟು ಉಳಿದೆಲ್ಲ ಕತ್ತಲಾಗುತ್ತಾರೆ. ಕಪ್ಪಗಿರುವವರಿಗೆ ಸರಿ ಮಾಡಿದರೆ ಬೆಳ್ಳಗಿರುವವರು ಸುಣ್ಣ ಬಳಿದಂತೆ ಬರುತ್ತಾರೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಒಂದೇ: ತೆಗೆಯುವಾಗ ಯೋಚಿಸುವುದಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡಿ ಕೊಡುತ್ತಾರೆ. ಯಾರೂ ಬೇಡ ಅನ್ನುವುದಿಲ್ಲ.

ಕಳೆದ ವಾರ ಮುದಕಪ್ಪ ಎಂಬವರ ಸಂಸಾರ ಬಂದಿತ್ತು. ಕೊಪ್ಪಳದ ಕಡೆಯವರು, ರೈಲ್ವೆ ಸ್ಟೇಷನ್ನಿನ ಹಿಂದಿನ ಬಾಡಿಗೆ ರೂಮುಗಳಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕಪ್ಪು, ಮಗ ಯಮನೂರ ಇನ್ನೂ ಕಪ್ಪು, ಸೊಸೆ ಸವಿತಾ ನಿಂಬೆಹಣ್ಣಿನಂತಿದ್ದಾಳೆ. ಸ್ಟುಡಿಯೋದ ಕನ್ನಡಿಯ ಮುಂದೆ ಬಾಚಣಿಗೆಯ ಜೊತೆ ಪೌಡರ್ ಡಬ್ಬಿ ಇಡುವುದು ವಾಡಿಕೆ ತಾನೇ? ಮುದಕಪ್ಪ ಅರ್ಧ ಡಬ್ಬಿ ಖಾಲಿ ಮಾಡಿ ಬಂದು ಕುಳಿತರು.

"ಮೇಡಂ, ನನ್ನ ಒಂದೀಟು ಬೆಳ್ಳಗ ಮಾಡ್ರಿ. ಊರಾಗಿನ ಮಂದಿ ನೋಡಿ, ಮುದಕಪ್ಪಗ ಬೆಂಗಳೂರು ನೀರು ಹತ್ತೇತಿ ಅನ್ನಬೇಕು."

ಹೆಂಡತಿ ಹೊಳೆವ್ವ ಅಲ್ಲಿಂದಲೇ ಅಂದರು: "ಬೆಂಗಳೂರು ನೀರು ಹತ್ತಿದ್ರ ಕೂದಲಾ ಉದರತಾವು. ಬೆಳ್ಳಗ ಆಗೂದಿಲ್ಲ. ನಿನ್ನ ತಲಿ ನೋಡಿದ್ರ ಗೊತ್ತಾಗತೈತಿ, ಸುಮ್ನ ಕುಂದರು."

ಸವಿತಾ ನಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಮುದಕಪ್ಪನಿಗೆ ಮುಖ ತೊಳೆದುಕೊಂಡು ಬರಲು ಹೇಳಿದೆ. ಕಪ್ಪು ಚರ್ಮದ ಮೇಲೆ ಪೌಡರ್ ಬಿದ್ದರೆ ದೀಪದ ಬೆಳಕಿಗೆ ಬೂದಿಯಾಗುತ್ತದೆ. ತೊಳೆದ ಮೇಲೆ ಅವರ ಕೆನ್ನೆಯ ಮೂಳೆ, ಹಣೆಯ ಅಂಚು ಬೆಳಕನ್ನು ಹಿಡಿಯತೊಡಗಿತು. ಅವರನ್ನು ದೀಪದ ಪಕ್ಕಕ್ಕೆ ಕೂರಿಸಿದೆ, ಸೊಸೆಯನ್ನು ಆಚೆ ತುದಿಗೆ. ಸೊಸೆಯ ಪಕ್ಕದಲ್ಲಿ ಒಂದು ಕಪ್ಪು ಬಟ್ಟೆ ಕಟ್ಟಿದೆ. ಅದು ಅವಳ ಮುಖದ ಮೇಲೆ ಬೀಳುವ ಬೆಳಕನ್ನು ಸ್ವಲ್ಪ ನುಂಗಿತು. ಹಿಂದಿನ ಬಿಳಿ ಪರದೆ ತೆಗೆದು ಬೂದು ಬಣ್ಣದ ಕಂಬಳಿ ಹಾಕಿದೆ. ಅಂದರೆ ಬೆಳಕು ಒಂದೇ, ಆದರೆ ಯಾರಿಗೆ ಎಷ್ಟು ಬೇಕೋ ಅಷ್ಟು ದೂರದಲ್ಲಿ ಅವರವರು ಕುಳಿತರು.

ಪ್ರಿಂಟು ನೋಡಿ ಮುದಕಪ್ಪ ಬೆಳ್ಳಗಾಗಲಿಲ್ಲವೆಂದು ಬೇಸರ ಪಟ್ಟುಕೊಂಡರು. ಬೇರೆ ಸ್ಟುಡಿಯೋಗೇ ಹೋಗಬೇಕಿತ್ತು ಎಂದು ಗೊಣಗುತ್ತಲೇ ತೆಗೆದುಕೊಂಡು ಹೋದರು. ನನಗೆ ಮಾತ್ರ ಮೊದಲ ಸಲ ಒಂದು ಮನೆಯ ನಾಲ್ಕು ಮುಖಗಳೂ ಒಟ್ಟಿಗೆ ಕಂಡವು. ಪೌಡರ್ ಡಬ್ಬಿಯನ್ನು ಕನ್ನಡಿಯ ಮುಂದಿನಿಂದ ತೆಗೆದುಬಿಟ್ಟಿದ್ದೇನೆ.

ನಿನ್ನ ಮುಖಕ್ಕೆ ಏನು ಮಾಡಬೇಕೆಂದು ಇನ್ನೂ ಪೂರ್ತಿ ಗೊತ್ತಿಲ್ಲ. ಆಗುವುದಿಲ್ಲ ಎಂದು ಮಾತ್ರ ಹೇಳಬೇಡ.

ವನಜಾ

*

ವರ್ತೂರು
24 ಫೆಬ್ರವರಿ 2025

ವನಜಾ,

ಇಲ್ಲಿ ಒಂದು ಕೆಲಸ ನಡೆದುಹೋಗಿದೆ. ನಿನಗೆ ಬೇರೆಯವರಿಂದ ತಿಳಿಯುವ ಮೊದಲು ನಾನೇ ಬರೆಯುತ್ತೇನೆ.

ಹುಡುಗಿಯ ತಾಯಿ, ಖಾಲಿ ಕುರ್ಚಿ ಯಾರದು, ಹುಡುಗನ ಅಮ್ಮ ಎಲ್ಲಿ ಎಂದು ಫೋನಿನಲ್ಲಿ ಕೇಳಿದರಂತೆ. ಮನು ನನ್ನ ಹಳೆಯ ಅಂಗನವಾಡಿ ಗುರುತಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ, ವೈಟ್‌ಫೀಲ್ಡ್ ರಸ್ತೆಯ ಯಾವುದೋ ಅಂಗಡಿಯಲ್ಲಿ ನನ್ನನ್ನು ಆ ಕುರ್ಚಿಯ ಮೇಲೆ ಕೂರಿಸಿದ್ದಾನೆ. ಮುಖ ಮಾತ್ರ ನನ್ನದು. ಮೈಗೆ ಗೌರಮ್ಮನ ಮೈ ತೆಗೆದು ಸೀರೆಯ ಬಣ್ಣ ಬದಲಿಸಿದ್ದಾರೆ. ನನ್ನ ಮಡಿಲಲ್ಲಿ ಅವಳ ಕೈಗಳಿವೆ. ಬಳೆ ನೋಡಿ ಗುರುತು ಹಿಡಿದೆ.

ಅಷ್ಟಕ್ಕೇ ಬಿಟ್ಟಿಲ್ಲ. ಮುಖಕ್ಕೂ ಮೈಗೂ ಬಣ್ಣ ಹೊಂದಲಿಲ್ಲವಂತೆ. ಅದಕ್ಕೆ ಅಂಗಡಿಯವನು ಗೌರಮ್ಮನ ಕೆನ್ನೆಯ ಬಣ್ಣ ತೆಗೆದು ನನಗೆ ಹಚ್ಚಿ, ಒಬ್ಬರಿಗೆ ಹಚ್ಚಿದರೆ ಎದ್ದು ಕಾಣುತ್ತದೆಂದು ಎಲ್ಲರಿಗೂ ಹಚ್ಚಿದ್ದಾನೆ. ನಿಮ್ಮಪ್ಪನೂ ಗೋಧಿ ಬಣ್ಣ. ಮನುವೂ ಗೋಧಿ ಬಣ್ಣ. ಒಂದೇ ಮುದ್ದೆಯಿಂದ ಹಿಚುಕಿ ಮಾಡಿದ ಗೊಂಬೆಗಳಂತೆ ಸಾಲಾಗಿ ಕುಳಿತಿದ್ದೇವೆ. ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇವರೆಲ್ಲ ಯಾರ ಮನೆಯೋರು?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ ಎಂದು ನನಗೆ ಗೊತ್ತು.

ಸರ್ಜಾಪುರದವರಿಗೆ ಫೋಟೋ ತುಂಬ ಹಿಡಿಸಿದೆ. "ನಿಮ್ಮಮ್ಮ ಎಷ್ಟು ಲಕ್ಷಣವಾಗಿದಾರೆ" ಅಂದರಂತೆ. ಯುಗಾದಿ ಕಳೆದು ಎರಡನೇ ವಾರ ಮನೆ ನೋಡಲು ಬರುತ್ತಾರೆ. ಈಗ ನಾನು ಆ ಫೋಟೋದ ಹಾಗೆ ಇರಬೇಕು. ಗೌರಮ್ಮ ನಿನ್ನೆ ಪಾರ್ಲರಿನ ಹುಡುಗಿಯನ್ನು ಕರೆದುಕೊಂಡು ಬಂದಳು. "ಸುಮ್ನೆ ಒಂದ್ಸಲ ನೋಡಾನ ಕಣಕ್ಕ. ಸಿನ್ಮಾದೋರೆಲ್ಲ ಅಚ್ಕಳಲ್ವಾ? ನಿಂದೇನು ಓಗುತ್ತೆ?" ಅಂದಳು. ಆ ಹುಡುಗಿ ಕೆನ್ನೆಗೆ, ಕುತ್ತಿಗೆಗೆ, ಮೊಣಕೈ ತನಕ ಒಂದು ಕ್ರೀಮು ಬಳಿದಳು. ಕೈ ತೊಳೆಯಬೇಡಿ ಆಂಟಿ, ಬೆವರಬೇಡಿ, ಜಾಸ್ತಿ ನಗಬೇಡಿ ಅಂದಳು. ನಾನು ಹಾಗೆಯೇ ಕುಳಿತೆ. ನಮ್ಮ ಹಿಂದಿನ ಮನೆಗಳ ಬಾಡಿಗೆಯವರು ನೀರಿಲ್ಲವೆಂದು ಬಾಗಿಲು ಬಡಿದರು. ನಾನು ಏಳಲಿಲ್ಲ. ಬೆವರಬಾರದಲ್ಲ.

ಮನುವನ್ನು ಕೇಳಿದೆ. "ಅಮ್ಮಾ, ಎಲ್ರೂ ಮಾಡ್ತಾರಮ್ಮ ಇದನ್ನ. ನಿನ್ನ ಬಿಟ್ಟು ಫೋಟೋ ಕಳ್ಸಿದ್ದು ನನಗೇ ಒಂಥರಾ ಆಯ್ತು. ನಿನ್ನ ಸೇರಿಸ್ಬೇಕು ಅಂತ ತಾನೇ ಮಾಡ್ಸಿದ್ದು?" ಅಂದ. ಅವನ ಕಣ್ಣು ತುಂಬಿತ್ತು. ಅವನು ಕೆಟ್ಟವನಲ್ಲ.

ಆದರೆ ವನಜಾ, ಫೋಟೋದಲ್ಲಿ ನಾನಿಲ್ಲದಿದ್ದಾಗ ನಾನು ಅಡುಗೆಮನೆಯಲ್ಲಿದ್ದೆ. ಎಲ್ಲಿದ್ದೇನೆಂದು ನನಗೆ ಗೊತ್ತಿತ್ತು. ಈಗ ಆ ಕುರ್ಚಿಯಲ್ಲಿ ಬೇರೊಬ್ಬಳು ಕುಳಿತಿದ್ದಾಳೆ, ಅವಳನ್ನು ನಿಜ ಮಾಡಲು ನಾನು ನಗಬಾರದು, ಕೈ ತೊಳೆಯಬಾರದು. ಇದು ನನ್ನ ತೀರ್ಮಾನವಲ್ಲ.

ಭದ್ರಮ್ಮ

*

ಚಿಕ್ಕಬಾಣಾವರ
1 ಮಾರ್ಚ್ 2025

ಅಮ್ಮ,

ಪತ್ರವನ್ನು ಇವರಿಗೂ ಓದಿ ಹೇಳಿದೆ. ಪೀಣ್ಯದಿಂದ ಶಿಫ್ಟ್ ಮುಗಿಸಿ ಬಂದವರು ಊಟದ ತಟ್ಟೆ ಬದಿಗಿಟ್ಟು ಕೂತುಬಿಟ್ಟರು.

ಆ ಹುಡುಗಿ ಶೈಲಜಾಳ ನಂಬರು ಚಿಕ್ಕಮ್ಮನ ಮಗಳಿಂದ ತೆಗೆದುಕೊಂಡಿದ್ದೇನೆ. ಮೂಲ ಫೋಟೋ ನನ್ನ ಹತ್ತಿರವಿದೆ, ಖಾಲಿ ಕುರ್ಚಿಯದು. ಅದನ್ನೂ, ವಿಷಯ ಏನೆಂಬುದನ್ನೂ ಅವಳಿಗೆ ಕಳಿಸಿಬಿಡುತ್ತೇನೆ. ನೀನು ಹೂಂ ಅಂದರೆ ಸಾಕು. ಮನು ಬೈದರೆ ನನ್ನನ್ನು ಬೈಯಲಿ.

ವನಜಾ

*

ವರ್ತೂರು
6 ಮಾರ್ಚ್ 2025

ವನಜಾ,

ಬೇಡ.

ಕೇಳಿ ಒಳ್ಳೆಯದು ಮಾಡಿದೆ. ಮನು ಕೇಳಲಿಲ್ಲ. ಆದರೆ ಆ ಹುಡುಗಿ ಎಲ್ಲೋ ಬಸ್ಸಿನಲ್ಲಿ ಕುಳಿತು, ಫೋನಿನಲ್ಲಿ ಆ ಖಾಲಿ ಕುರ್ಚಿಯನ್ನು ಬೆರಳಿನಿಂದ ಹಿಗ್ಗಿಸುತ್ತ ನನ್ನ ವಿಷಯ ಮೊದಲ ಸಲ ತಿಳಿಯುವುದು ನನಗೆ ಬೇಡ. ನನ್ನ ಪರವಾಗಿ ನೀನು ಹೇಳಿದರೂ ಅದು ನನ್ನ ಬಾಯಿಂದ ಬಂದ ಹಾಗಾಗುವುದಿಲ್ಲ. ಮನುವಿನ ಬೆನ್ನ ಹಿಂದೆ ಮಾಡುವುದೂ ಸರಿಯಲ್ಲ. ಅವನ ಮದುವೆ ಅದು.

ಅವನು ಆ ಗೋಧಿ ಬಣ್ಣದ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಕೊಟ್ಟಿದ್ದಾನೆ. ಅವರು ಬರುವಷ್ಟರಲ್ಲಿ ನಡುಮನೆಯ ಗೋಡೆಗೆ ಬರುತ್ತದೆ. ಮೊಳೆಯನ್ನಂತೂ ಹೊಡೆದಾಯಿತು.

ನಿನ್ನ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತೇನೆ. ಸರ್ಜಾಪುರದವರಿಗಲ್ಲ, ಗೋಡೆಗೂ ಅಲ್ಲ. ನಾನು ಹೇಗಿದ್ದೇನೆ ಎಂದು ನಾನು ಮೊದಲು ನೋಡಬೇಕು. ಕನ್ನಡಿಯಲ್ಲಿ ತಲೆ ಬಾಚುವಷ್ಟನ್ನೇ ನೋಡಿ ಅಭ್ಯಾಸವಾಗಿದೆ. ಹದಿನಾರನೇ ತಾರೀಕು ಭಾನುವಾರ ಬರುತ್ತೇನೆ. ನಿಮ್ಮಪ್ಪ ತಾವೂ ಬರುತ್ತೇನೆ ಅನ್ನುತ್ತಿದ್ದಾರೆ.

ಭದ್ರಮ್ಮ

*

ಚಿಕ್ಕಬಾಣಾವರ
22 ಮಾರ್ಚ್ 2025

ಅಮ್ಮ,

ಪ್ರಿಂಟು ಇದರಲ್ಲಿದೆ. ನೋಡುವ ಮೊದಲು ಇದನ್ನು ಓದು.

ಮೊದಲು ತೆಗೆದವೆಲ್ಲ ಕೆಟ್ಟವು. ಅವನ್ನು ನಿನಗೆ ತೋರಿಸಲಿಲ್ಲ. ತೋರಿಸದಿದ್ದುದು ನಿನಗೂ ಗೊತ್ತಾಯಿತು. ಕಣ್ಣಿನ ಸುತ್ತ, ಬಾಯಿಯ ಸುತ್ತ, ಎಡಗೆನ್ನೆಯ ಮೇಲೆ ಇರುವ ಬಿಳುಪು ದೀಪಕ್ಕೆ ಉರಿದುಹೋಗುತ್ತಿತ್ತು. ಅದನ್ನು ಇಳಿಸಿದರೆ ಹಣೆ ಗಲ್ಲ ಎಲ್ಲ ಮುಳುಗುತ್ತಿತ್ತು. ಆಮೇಲೆ ನೀನು, "ಆಗ್ದಿದ್ರೆ ಬಿಡು, ನಾನೇನೂ ಅಂದ್ಕೊಳಲ್ಲ" ಅಂದೆಯಲ್ಲ, ಆಗ ಬಹಳ ಸಿಟ್ಟು ಬಂತು. ನಿನ್ನ ಮೇಲಲ್ಲ. ದೀಪಗಳನ್ನೆಲ್ಲ ಆರಿಸಿದೆ.

ಮುದಕಪ್ಪನ ಮನೆಯವರನ್ನು ಕೂರಿಸಿದ ಹಾಗೆಯೇ ನಿನ್ನ ಒಂದು ಮುಖವನ್ನು ಕೂರಿಸಬೇಕೆಂದು ಆಗ ಹೊಳೆಯಿತು. ಅಲ್ಲಿ ನಾಲ್ವರು, ಇಲ್ಲಿ ಒಬ್ಬಳಲ್ಲೇ ಎರಡು ಬಣ್ಣ, ಕೆಲಸ ಒಂದೇ. ಬಾಗಿಲ ಹತ್ತಿರಕ್ಕೆ ಕುರ್ಚಿ ಎಳೆದು, ಶಟರ್ ಅರ್ಧ ಇಳಿಸಿ, ಅಲ್ಲಿಗೆ ಅಪ್ಪನ ಹಳೆಯ ಪಂಚೆ ಕಟ್ಟಿದ್ದು ಅದಕ್ಕೇ. ಹೊರಗಿನ ಬೆಳಕು ಅದರಲ್ಲಿ ಸೋಸಿ ಬಂತು. ನಿನ್ನ ಬಲಗೆನ್ನೆಯನ್ನು, ಕಪ್ಪಗಿರುವುದನ್ನು, ಅದರ ಕಡೆಗೆ ತಿರುಗಿಸಿದೆ. ಎಡಗೆನ್ನೆಯ ಹತ್ತಿರ ಕಪ್ಪು ಬಟ್ಟೆ ಹಿಡಿದು ನಿಂತವರು ನಿನ್ನ ಅಳಿಯ.

ನಿನ್ನ ಪಕ್ಕದಲ್ಲಿ ಕುಳಿತ ಅಪ್ಪನ ಬಿಳಿ ಅಂಗಿ ಬೆಳಕನ್ನು ನಿನ್ನ ಮೇಲೆ ಎಸೆದು ತೊಂದರೆ ಕೊಡುತ್ತಿತ್ತು. ಅಳಿಯನ ನೀಲಿ ಅಂಗಿ ಹಾಕಿಸಿದೆ. ಗುಂಡಿ ಹಾಕಿದ್ದೇ ತಡ, "ಉಸ್ರು ಬಿಡೋಕಾಗ್ತಿಲ್ಲ, ಬೇಗ ತೆಗಿಯಮ್ಮ" ಅಂದರು. "ಬಿಡ್ಬೇಡಿ ಮಾವ, ಗುಂಡಿ ಹಾರಿ ಕ್ಯಾಮರಾಗೆ ಬೀಳುತ್ತೆ" ಅಂದರು ಇವರು. ನೀನು ನಕ್ಕೆ. ನಾನು ಒತ್ತಿದ್ದು ಆಗ. ನಿನಗೆ ಗೊತ್ತಾಗಲಿಲ್ಲ.

ಈ ಪ್ರಿಂಟಿನಲ್ಲಿ ನಾನು ಏನನ್ನೂ ತಿದ್ದಿಲ್ಲ. ಬಿಳುಪಿನ ಅಂಚು ಎಲ್ಲಿದೆಯೋ ಅಲ್ಲೇ ಇದೆ. ಬಲಗೆನ್ನೆ ಎಷ್ಟು ಕಪ್ಪೋ ಅಷ್ಟೇ ಕಪ್ಪು. ಅಪ್ಪ ನಿನಗಿಂತ ಕಪ್ಪು, ಹಾಗೆಯೇ ಬಂದಿದ್ದಾರೆ. ನಿನ್ನ ಕೈ ಅವರ ಕೈಮೇಲಿದೆ. ಅದು ನಾನು ಇಡಿಸಿದ್ದಲ್ಲ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಸರಿಯೋ ತಪ್ಪೋ ನೀನು ಹೇಳಬೇಕು.

ವನಜಾ

*

ವರ್ತೂರು
2 ಏಪ್ರಿಲ್ 2025, ಬುಧವಾರ

ವನಜಾ,

ಫೋಟೋ ಬಂದ ದಿನ ನೋಡಲಿಲ್ಲ. ಮಾರನೆಯ ದಿನ ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲಲ್ಲಿ ಕುಳಿತು ನೋಡಿದೆ.

ನಾನು ಇಷ್ಟು ನಮ್ಮಮ್ಮನ ಹಾಗಿದ್ದೇನೆಂದು ನನಗೆ ತಿಳಿದಿರಲಿಲ್ಲ. ಎಡಗೆನ್ನೆಯನ್ನು ಬಹಳ ಹೊತ್ತು ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿದೆ. ಅಂದುಕೊಂಡಷ್ಟು ಭಯವಾಗಲಿಲ್ಲ. ನಿನ್ನ ಉತ್ತರ ಸರಿ.

ನಿಮ್ಮಪ್ಪನಿಗೆ ಕೊಟ್ಟೆ. "ಇದು ನಮ್ಮನೆದು" ಅಂದು ಹಿಂದಕ್ಕೆ ಕೊಟ್ಟರು. ಅಂಗಿ ಬಿಗಿಯಾಗಿದೆ ಎಂದೂ ಹೇಳಿದರು.

ಯುಗಾದಿಯ ದಿನ ಊಟವಾದ ಮೇಲೆ ಮನುವಿನ ಹತ್ತಿರ ಮಾತಾಡಿದೆ. ಕ್ರೀಮು ಹಚ್ಚಿಕೊಳ್ಳುವುದಿಲ್ಲ ಎಂದೆ. ಕಟ್ಟು ಹಾಕಿಸಿದ ಫೋಟೋ ಬಂದಿತ್ತು, ಅದನ್ನು ಮೊಳೆಗೆ ಹಾಕಬೇಡ ಎಂದೆ. ಅವರು ಬಂದು ಬಾಗಿಲಲ್ಲಿ ನನ್ನನ್ನು ನೋಡಿ ಬೆಚ್ಚುವುದು ಬೇಡ, ನಾನೇ ಮೊದಲು ಹೋಗಿ ಬರುತ್ತೇನೆ ಎಂದೆ.

ಮೊದಲು ಗೌರಮ್ಮ ಅಂದಳು: "ಅಕ್ಕಾ, ಕೈಗೆ ಬಂದಿದ್ದು ನೀನೇ ಕೆಡುಸ್ತೀಯ ನೋಡು. ಒಂದಿನ, ಒಂದೇ ಒಂದಿನ ಅಚ್ಕಂಡ್ರೆ ಏನಾಯ್ತದೆ?"

"ಒಂದಿನ ಅಲ್ಲ ಗೌರ. ಆ ಹುಡುಗಿ ಈ ಮನೇಲೇ ಇರ್ತಾಳೆ. ನಾನು ಬೆಳಗ್ಗೆ ಎದ್ದು ಕ್ರೀಮು ಹಚ್ಕೊಂಡು ಕಾಫಿ ಕೊಡ್ಲಾ ಅವಳಿಗೆ?"

ಆಗ ಮನು ಅಂದ: "ಅಮ್ಮಾ, ಅವ್ರು ಬೇಡ ಅಂದ್ಬಿಟ್ರೆ?"

"ಅನ್ನಬಹುದು."

"ಅಷ್ಟೇನಾ? ನನಗೆ ಶೈಲಜಾ ಅಂದ್ರೆ... ನಿನಗೆ ಗೊತ್ತು ತಾನೆ."

ಗೊತ್ತು ಎಂದೆ. ಅವರು ಬೇಡ ಅಂದರೆ ನಿನಗೆ ಅವರು ಬೇಡ ಎಂದು ನಾನು ಹೇಳಲಾರೆ, ಅದು ನಿನ್ನ ನೋವು. ನನ್ನನ್ನು ನೋಡಿ ಹೂಂ ಅನ್ನಲಿ, ಇಲ್ಲವೇ ನನ್ನನ್ನು ನೋಡಿ ಬೇಡ ಅನ್ನಲಿ. ಗೌರಮ್ಮನ ಕೈಗಳನ್ನು ನೋಡಿ ಹೂಂ ಅಂದದ್ದು ನನಗೆ ಲೆಕ್ಕಕ್ಕಿಲ್ಲ ಎಂದೆ. ಅವನು ಎದ್ದು ಹೋದ. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ನಾನು ಮಾಡಿದ್ದನ್ನು ಊಟ ಮಾಡುತ್ತಾನೆ, ಮಾತಾಡುವುದಿಲ್ಲ. ಕಟ್ಟು ಹಾಕಿಸಿದ್ದು ಗೋಡೆಗೆ ಮುಖ ಮಾಡಿಕೊಂಡು ಮಂಚದ ಪಕ್ಕದಲ್ಲಿದೆ. ಈ ಸಂಬಂಧ ಮುರಿದರೆ ಅವನು ನನ್ನನ್ನು ಬಹಳ ದಿನ ಕ್ಷಮಿಸುವುದಿಲ್ಲ. ಅದನ್ನು ತಿಳಿದೇ ಹೋಗುತ್ತಿದ್ದೇನೆ.

ಹುಡುಗಿಯ ತಾಯಿಗೆ ಫೋನ್ ಮಾಡಿದೆ. ನಾನೇ ಮಾಡಿದ್ದು. ನಾನು ಭದ್ರಮ್ಮ, ಮನುವಿನ ತಾಯಿ, ಒಂದು ಸಲ ಬಂದು ನಿಮ್ಮ ಹತ್ತಿರ ಮಾತಾಡಬೇಕು ಎಂದೆ. "ಅಯ್ಯೋ ಬನ್ನಿ, ಅದಕ್ಕೇನಂತೆ. ಊಟಕ್ಕೇ ಬನ್ನಿ" ಅಂದರು. ಧ್ವನಿ ಒಳ್ಳೆಯದಿದೆ. ಊಟ ಬೇಡ, ಕಾಫಿ ಸಾಕು ಎಂದೆ.

ನೀನು ತೆಗೆದ ಫೋಟೋವನ್ನು ಒಯ್ಯುವುದಿಲ್ಲ. ಅದು ನನ್ನ ಪೆಟ್ಟಿಗೆಯಲ್ಲಿರಲಿ. ನೀನು ಕ್ಯಾಮರಾ ಹಿಡಿದುಕೊಂಡು ಬರುವುದೂ ಬೇಡ. ಬರುತ್ತೇನೆಂದು ಹೊರಟುಬಿಡುವವಳು ನೀನು, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ. ನಿಮ್ಮಪ್ಪ ಬರುತ್ತಾರೆ. ಮನುವಿಗೆ ಹೊರಡುವ ಹೊತ್ತು ಹೇಳಿದ್ದೇನೆ. ಬಂದರೆ ಬರಲಿ.

ನಾಳಿದ್ದು ಶುಕ್ರವಾರ, ಬೆಳಗಿನ ತಿಂಡಿ ಮುಗಿಸಿ ಸರ್ಜಾಪುರದ ಬಸ್ಸು ಹಿಡಿಯುತ್ತೇವೆ. ತಲೆಗೆ ಸೆರಗು ಹೊದೆಯುವುದಿಲ್ಲ. ಹಗಲಿರುವಾಗಲೇ ಅವರ ಮನೆಗೆ ಹೋಗಿ, ಎಲ್ಲಿ ಕೂರಿಸಿದರೂ ಬೆಳಕು ಬರುವ ಕಡೆಯ ಜಾಗ ಕೇಳಿ ಕುಳಿತುಕೊಳ್ಳುತ್ತೇನೆ. ಅವರು ಕಾಫಿ ತಂದರೆ ಎರಡೂ ಕೈ ಚಾಚಿ ಲೋಟ ತೆಗೆದುಕೊಳ್ಳುತ್ತೇನೆ.

ಭದ್ರಮ್ಮ